ಹಗ್ಗ ಹಿಡಿದ ಕೈ

ತನ್ನ ಸ್ವಂತ ಅಜ್ಜಿಯ ಅಮ್ಮನ ಹೆಸರು ಲಾಯದಕ್ಕನಿಗೆ ಗೊತ್ತಿರಲಿಲ್ಲ. ಆದರೆ ಲಾಯದ ಯಾವುದೇ ಕುದುರೆಯ ಅಜ್ಜಿಯ ಅಜ್ಜಿಯ ಹೆಸರು ಕೇಳಿದರೆ, ಬಾಯಲ್ಲಿದ್ದ ತುತ್ತನ್ನು ಅವಸರವಾಗಿ ನುಂಗಿಕೊಂಡು ಹೇಳುತ್ತಿದ್ದಳು. ಅದು ಯಾವ ಬಣ್ಣದ್ದು, ಯಾವ ಮೈದಾನದಲ್ಲಿ ಎಷ್ಟನೆಯದಾಗಿ ಬಂತು, ಅದರ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣುಮರಿಗಳು ಯಾರ ಯಾರ ಲಾಯ ಸೇರಿದವು, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು.

"ನಾನು ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು. ನನ್ನ ತವರಲ್ಲಿ ಎಷ್ಟು ಜನ ಇದ್ದಾರೆ ಅಂತ ಒಂದಿನ ಕೇಳಿದ್ದೀಯಾ? ಕುದುರೆ ತವರು ಮಾತ್ರ ಬಾಯಿಪಾಠ," ಎಂದು ಅತ್ತಿಗೆ ವಾರಕ್ಕೊಮ್ಮೆಯಾದರೂ ಚುಚ್ಚುತ್ತಿದ್ದಳು.

ಲಾಯದಕ್ಕ ಎನ್ನುವುದು ಅವಳಿಗೆ ಚಿಕ್ಕ ವಯಸ್ಸಿನಲ್ಲೇ ಅಂಟಿದ ಹೆಸರು. ಕೆಲಸಕ್ಕೆ ಸೇರಿದಾಗ ಅಲ್ಲಿದ್ದವರಲ್ಲೆಲ್ಲ ಅವಳೇ ಕಿರಿಯಳು. ಆದರೂ ಕುದುರೆಗಳ ಜೊತೆ ಮಾತಾಡುವಾಗ "ಅಕ್ಕ ಬಂದ್ಳು, ಅಕ್ಕ ನೀರು ತಂದ್ಳು, ಅಕ್ಕ ಕಾಲು ನೋಡ್ತಾಳೆ" ಎಂದು ತನ್ನನ್ನು ತಾನೇ ಕರೆದುಕೊಳ್ಳುವ ಅಭ್ಯಾಸವಿತ್ತು. ಕೇಳಿದವರು ನಕ್ಕರು, ನಕ್ಕವರು ಹಾಗೆಯೇ ಕರೆದರು, ಕೊನೆಗೆ ಯಜಮಾನರೂ ಹಾಗೆಯೇ ಕರೆಯತೊಡಗಿದರು. ಈಗ ಅವಳಿಗೆ ನಲವತ್ತೈದು ದಾಟಿದೆ. ಮದುವೆಯ ಮಾತು ಬಂದಾಗಲೆಲ್ಲ ಯಾವುದಾದರೊಂದು ಕುದುರೆ ಮರಿ ಹಾಕುವ ಸಮಯವಾಗಿರುತ್ತಿತ್ತು. "ಇದೊಂದು ಆಗಲಿ" ಎಂದು ಮುಂದೆ ಹಾಕಿದಳು, ಅಷ್ಟರಲ್ಲಿ ಕೇಳುವವರೇ ಇಲ್ಲದಾದರು. ಅದರ ಬಗ್ಗೆ ಅವಳಿಗೆ ಕೊರಗಿದ್ದಂತೆ ಕಾಣಲಿಲ್ಲ.

ಲಾಯದ ಹಿಂಬದಿಗೆ ಅಂಟಿಕೊಂಡ ಎರಡು ಕೋಣೆ, ಒಂದು ಅಡುಗೆಮನೆಯ ಮನೆಯಲ್ಲಿ ಅವಳು, ಅವಳ ಅಣ್ಣ, ಅತ್ತಿಗೆ ಮೂವರೇ ಇದ್ದರು. ಒಂದು ಗೋಡೆಯ ಆಚೆ ಒಣಹುಲ್ಲಿನ ಕೊಠಡಿ. ಹಾಗಾಗಿ ಮನೆಯ ಹೊದಿಕೆ, ದಿಂಬು, ಕೊನೆಗೆ ಬ್ರೆಡ್ಡಿಗೂ ಸಣ್ಣಗೆ ಹುಲ್ಲಿನ ವಾಸನೆ. ಅಣ್ಣ ಕುದುರೆ ಸಾಗಿಸುವ ಲಾರಿ ಓಡಿಸುತ್ತಿದ್ದ. ಅತ್ತಿಗೆಯ ಪಾಲಿಗೆ ಬಂದದ್ದು ಲಾಯದ ಬಟ್ಟೆ ಒಗೆಯುವ ಕೆಲಸ. ಕುದುರೆಗಳಿಗೂ ಬಟ್ಟೆಯಿದೆ ಎನ್ನುವುದು ಹೊರಗಿನವರಿಗೆ ಹೊಳೆಯುವುದಿಲ್ಲ. ಜೀನಿನ ಕೆಳಗೆ ಹಾಸುವ ದಪ್ಪ ಬಟ್ಟೆ, ಚಳಿಗೆ ಹೊದಿಸುವ ಹೊದಿಕೆ, ಕಾಲಿಗೆ ಸುತ್ತುವ ಉದ್ದನೆಯ ಬ್ಯಾಂಡೇಜು ಎಲ್ಲ ಬೆವರು, ಕೂದಲು, ಲದ್ದಿ ಮೆತ್ತಿಕೊಂಡು ದಿನವೂ ಬುಟ್ಟಿಗಟ್ಟಲೆ ಬರುತ್ತಿದ್ದವು. ಕುದುರೆಯ ಮನೆತನ ಯಾವುದಾದರೂ ಇರಲಿ, ಅತ್ತಿಗೆಯ ಲೆಕ್ಕದಲ್ಲಿ ಅದು ನಾಲ್ಕು ಬ್ಯಾಂಡೇಜು, ಒಂದು ಹೊದಿಕೆ.

ಲಾಯದಕ್ಕನ ಲೆಕ್ಕ ಬೇರೆ. ಅರಬ್ಬಿ ಕುದುರೆ ಸಾಕುವವರು ಮನೆತನವನ್ನು ತಾಯಿಯ ಕಡೆಯಿಂದ ಎಣಿಸುತ್ತಾರೆ. ಗಂಡು ಎಷ್ಟೇ ಹೆಸರುವಾಸಿಯಾಗಿದ್ದರೂ, ಇದು ಯಾರ ಮಗಳು, ಆಕೆ ಯಾರ ಮಗಳು ಎಂದು ಹಿಂದಕ್ಕೆ ಕೇಳುತ್ತ ಹೋಗುವುದೇ ಕ್ರಮ. ಅವಳ ಕೈಗೆ ಮೊದಲು ಕೊಟ್ಟ ಕುದುರೆ ಅಂಥ ಒಂದು ಮನೆತನದ ಹೆಣ್ಣು. ಅದರ ತಾಯಿ ಸಣ್ಣ ಮೈದಾನದ ಓಟಗಳಲ್ಲಿ ಗಾಳಿಯ ಹಾಗೆ ಓಡಿ ಹೆಸರು ಮಾಡಿದ್ದು. ಲಾಯದಕ್ಕನ ಆ ಮೊದಲ ಕುದುರೆಯ ಹಿತ್ತಾಳೆಯ ಫಲಕದ ಮೇಲೆ ಒಂದು ಮಾರುದ್ದದ ಹೆಸರಿದ್ದರೂ, ಈಗ ಅದನ್ನು ಎಲ್ಲರೂ ಅಜ್ಜಿ ಎನ್ನುತ್ತಾರೆ. ಅಜ್ಜಿಗೊಬ್ಬ ಮಗಳು. ಆ ಮಗಳಿಗೊಬ್ಬ ಮಗಳು, ಪುಟ್ಟಿ.

ಆ ಕುದುರೆಗಳು ಓಡುತ್ತಿದ್ದುದು ದೂರದ ಓಟ. ಬೆಳಿಗ್ಗೆ ಹೊರಟು, ಒಂದೊಂದೇ ಸುತ್ತು ಮುಗಿಸಿ ಡೇರೆಗೆ ಮರಳುತ್ತ, ಸಂಜೆಯವರೆಗೂ ಓಡಬೇಕು. ಪ್ರತಿ ಸುತ್ತಿನ ಕೊನೆಗೂ ತಪಾಸಣೆ. ಗೊತ್ತುಪಡಿಸಿದ ಇಪ್ಪತ್ತು ನಿಮಿಷದೊಳಗೆ ಕುದುರೆಯ ಎದೆಬಡಿತ ನಿಮಿಷಕ್ಕೆ ಅರವತ್ತನಾಲ್ಕಕ್ಕೆ ಇಳಿಯಬೇಕು. ಇಳಿದರೆ ಮಾತ್ರ ಅದನ್ನು ಗಟ್ಟಿ ನೆಲದ ಮೇಲೆ ಹಗ್ಗ ಹಿಡಿದು ಸಣ್ಣಗೆ ಓಡಿಸಿ, ಕುಂಟುತ್ತದೆಯೇ ಎಂದು ನೋಡುತ್ತಾರೆ. ಇಳಿಯದಿದ್ದರೆ ಆ ಓಡಿಸುವಿಕೆಯೂ ಇಲ್ಲ, ಮುಂದಿನ ಸುತ್ತೂ ಇಲ್ಲ. ಕೊನೆಯ ಸುತ್ತಿನ ನಂತರವೂ ಇದೇ ನಿಯಮ. ಮೊದಲು ಬಂದ ಕುದುರೆಗೆ ಚಪ್ಪಾಳೆ ಸಿಗಬಹುದು, ಆದರೆ ಅದರ ಎದೆ ತಣ್ಣಗಾಗದಿದ್ದರೆ ಅದು ಓಡಿಯೇ ಇಲ್ಲ ಎಂದು ಲೆಕ್ಕ. ಕುದುರೆಯನ್ನು ಸಾಯುವಷ್ಟು ಓಡಿಸಬಾರದೆಂದು ಮಾಡಿದ ಒಳ್ಳೆಯ ನಿಯಮ ಅದು.

ಅಜ್ಜಿ ಪ್ರಾಯದಲ್ಲಿದ್ದಾಗ ಒಂದು ದೊಡ್ಡ ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂತು. ಕೊನೆಯ ತಪಾಸಣೆಗೆ ಹಗ್ಗ ಹಿಡಿದು ನಿಂತವಳು ಲಾಯದಕ್ಕನೇ. ನೀರು ಸುರಿದರು, ಬೆವರು ಒರೆಸಿದರು, ನೆರಳಿಗೆ ನಿಲ್ಲಿಸಿದರು. ಎದೆಬಡಿತ ಇಳಿಯಿತು, ಇನ್ನೇನು ಗೆದ್ದೆವು ಎನ್ನುವಾಗ ಮತ್ತೆ ಏರಿತು, ಏರಿದ್ದು ಏರಿಯೇ ಉಳಿಯಿತು. ಅಂದು ಸಂಜೆ ಅವಳು ಲಾರಿಯಲ್ಲಿ ಅಜ್ಜಿಯ ಪಕ್ಕದಲ್ಲೇ ಕುಳಿತು ಮರಳಿದಳು. ಲಾಯದಕ್ಕನಿಗೆ ಆಗ ಇಪ್ಪತ್ತೈದೂ ತುಂಬಿರಲಿಲ್ಲ.

ಮಗಳು ಕುದುರೆಯೂ ಹಾಗೆಯೇ ಮಾಡಿತು. ಒಂದಲ್ಲ, ಮೂರು ಓಟದಲ್ಲಿ. ಅಲ್ಲಿಂದ ಆ ಮನೆತನಕ್ಕೆ "ಬಿಸಿ ರಕ್ತ" ಎಂಬ ಹಣೆಪಟ್ಟಿ ಬಿತ್ತು. ಕಾಲು ಚಿನ್ನ, ಎದೆ ಒಲೆ ಎಂದು ಸವಾರರು ಆಡಿಕೊಂಡರು. ಲಾಯದಲ್ಲೂ ಆ ಹೆಸರಿಗೆ ತಕ್ಕ ಹಾಗೆ ಏರ್ಪಾಡು ನಡೆಯಿತು. ಸದ್ದು ಕೇಳಿಸದಿರಲಿ ಎಂದು ಆ ಕುದುರೆಗಳಿಗೆ ಕಟ್ಟಕಡೆಯ ಕೊಠಡಿ. ಗಾಬರಿಬಿದ್ದು ಜಗ್ಗಿದರೆ ಕಷ್ಟವೆಂದು ಹಗ್ಗವನ್ನು ಗದ್ದದ ಕೆಳಗೇ ಗಿಡ್ಡಕ್ಕೆ ಹಿಡಿಯುವುದು. ಹತ್ತಿರ ಹೋಗುವಾಗ ಎಲ್ಲರೂ ಕಳ್ಳರ ಹಾಗೆ ಮೆಲ್ಲಗೆ ಹೆಜ್ಜೆ ಇಡುವುದು. ಇವನ್ನೆಲ್ಲ ಹೇಳಿಕೊಟ್ಟವಳು ಲಾಯದಕ್ಕ. ಆ ಮನೆತನದ ಮೇಲಿನ ಪ್ರೀತಿಯಿಂದಲೇ ಹೇಳಿಕೊಟ್ಟಳು.

ಅವಳ ಕೆಲಸ ನೋಡಬೇಕು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವಳು ಮೊದಲು ಕುದುರೆಯನ್ನು ನೋಡುತ್ತಿರಲಿಲ್ಲ, ನೆಲವನ್ನು ನೋಡುತ್ತಿದ್ದಳು. ಲದ್ದಿ ಎಷ್ಟಿದೆ, ಒದ್ದೆ ಎಲ್ಲಿದೆ, ಹಾಸಿದ ಮರದ ಹೊಟ್ಟು ಎಲ್ಲಿ ಕೆದರಿದೆ ಎಂಬುದರಿಂದಲೇ ಕುದುರೆ ನಿದ್ದೆ ಮಾಡಿತೋ ಹೊಟ್ಟೆನೋವಿನಿಂದ ತಿರುಗಾಡಿತೋ ಹೇಳುತ್ತಿದ್ದಳು. ಆಮೇಲೆ ಬಕೆಟ್ಟಿನಲ್ಲಿ ಉಳಿದ ನೀರು. ಆಮೇಲೆ ನಾಲ್ಕು ಗೊರಸು. ಒಣಹುಲ್ಲನ್ನು ಕೊಡುವ ಮುಂಚೆ ಧೂಳು ಕೂರಲೆಂದು ನೀರಲ್ಲಿ ಅದ್ದಿ, ಒಂದು ಹಿಡಿ ಹಿಂಡಿ ಮೂಸಿ ನೋಡುತ್ತಿದ್ದಳು. ವಾಸನೆ ಸರಿಯಿಲ್ಲದಿದ್ದರೆ ಇಡೀ ಕಟ್ಟು ಹೊರಗೆ. ಕಾಲುಗಳ ಮೇಲೆ ಕೈ ಇಳಿಸುವಾಗ ಮಾತ್ರ ಕಣ್ಣು ಮುಚ್ಚುತ್ತಿದ್ದಳು, ಎಲ್ಲಿ ಸ್ವಲ್ಪ ಬೆಚ್ಚಗಿದೆ ಎಂದು ಅಂಗೈಗೆ ತಿಳಿಯಲೆಂದು. ಇಷ್ಟು ವರ್ಷಗಳಲ್ಲಿ ಅವಳ ಕೈಯಲ್ಲಿದ್ದ ಒಂದು ಕುದುರೆಯೂ ಕಾಲು ಕೆಟ್ಟು ಹಾಳಾಗಲಿಲ್ಲ. ಅದು ಸಣ್ಣ ಮಾತಲ್ಲ.

ಪುಟ್ಟಿ ಹುಟ್ಟಿದ್ದೂ ಅವಳ ಕೈಯಲ್ಲೇ. ಹುಟ್ಟುವಾಗ ಇದ್ದಿಲಿನ ಹಾಗೆ ಕಪ್ಪು. ಬೂದು ಬಣ್ಣದ ಅರಬ್ಬಿಗಳು ಹಾಗೆಯೇ, ಕಪ್ಪಾಗಿ ಹುಟ್ಟಿ ವರ್ಷ ವರ್ಷ ತಿಳಿಯಾಗುತ್ತ ಕೊನೆಗೆ ಹಾಲಿನಷ್ಟು ಬಿಳಿ. ಅಜ್ಜಿ ಈಗ ಪೂರ್ತಿ ಬಿಳಿ, ಮಗಳು ಮೋಡದ ಬಣ್ಣ, ಪುಟ್ಟಿಯ ಮೈಮೇಲೆ ಇನ್ನೂ ಕಪ್ಪು ಬೂದಿನ ಚಂದ್ರಗಳು. ಅಗಲ ಹಣೆ, ಕಣ್ಣಿನ ಕೆಳಗೆ ಒಳಕ್ಕೆ ಬಾಗಿದ ಮುಖ, ಚಹಾ ಬಟ್ಟಲಿನಲ್ಲೂ ಹಿಡಿಸುವಂಥ ಮೂತಿ, ಓಡುವಾಗ ನಿಶಾನೆಯ ಹಾಗೆ ಎತ್ತಿದ ಬಾಲ. ಅದು ಓಡುವುದನ್ನು ನೋಡಿದವರು ಮಾತು ನಿಲ್ಲಿಸುತ್ತಿದ್ದರು.

ಮೊದಲ ದೊಡ್ಡ ಓಟದಲ್ಲಿ ಪುಟ್ಟಿ ಎರಡನೆಯದಾಗಿ ಬಂತು. ಕೊನೆಯ ತಪಾಸಣೆಯಲ್ಲಿ ಎದೆಬಡಿತ ಅರವತ್ತೆಂಟರಲ್ಲಿ ನಿಂತು ಕೆಳಗಿಳಿಯಲಿಲ್ಲ.

ಯಜಮಾನರು ಕೆಟ್ಟವರಲ್ಲ. ಬೈಯಲಿಲ್ಲ, ಕೂಗಾಡಲಿಲ್ಲ. ಮರುದಿನ ಲಾಯಕ್ಕೆ ಬಂದು, ಪುಟ್ಟಿಯ ಕತ್ತು ಸವರುತ್ತ, ಈ ಮನೆತನಕ್ಕೆ ಇನ್ನೊಂದು ಅವಕಾಶ ಕೊಡುತ್ತೇನೆ ಎಂದರು. ಋತುವಿನ ಕೊನೆಯ ಓಟವನ್ನು ಪುಟ್ಟಿ ಪೂರೈಸಲಿ, ಎಷ್ಟನೆಯದಾಗಿ ಬಂದರೂ ಸರಿ. ಪೂರೈಸದಿದ್ದರೆ ಸವಾರಿ ಕಲಿಸುವ ಶಾಲೆಯೊಂದಕ್ಕೆ ಕೊಟ್ಟುಬಿಡುವುದು. ಅದರಿಂದಾಗಲಿ ಅದರ ತಾಯಿಯಿಂದಾಗಲಿ ಇನ್ನು ಮರಿ ಬೇಡ. ಎದೆಬಡಿತ ಇಳಿಯದ ರಕ್ತವನ್ನು ಮುಂದಕ್ಕೆ ಹರಿಸುವುದು ಕುದುರೆಗೂ ಒಳ್ಳೆಯದಲ್ಲ ಎಂದರು. ಅದು ನ್ಯಾಯವಾದ ಮಾತು ಎಂದು ಲಾಯದಕ್ಕನಿಗೂ ಗೊತ್ತಿತ್ತು.

ಲಾಯಕ್ಕೆ ಬರುವ ಪಶುವೈದ್ಯೆಯನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ಪುಟ್ಟಿಯ ಹೃದಯವನ್ನು ಆಕೆ ಎಲ್ಲ ರೀತಿಯಲ್ಲೂ ಪರೀಕ್ಷಿಸಿದಳು. ಯಂತ್ರದಲ್ಲಿ ನೋಡಿದಳು, ರಕ್ತ ತೆಗೆದಳು, ಏನೂ ದೋಷ ಸಿಗಲಿಲ್ಲ. ಕೊನೆಗೆ ಎದೆಗೆ ಕಟ್ಟುವ ಪಟ್ಟಿಯೊಂದನ್ನು ತಂದಳು. ಅದನ್ನು ಕಟ್ಟಿದರೆ ಕೈಯಲ್ಲಿರುವ ಸಣ್ಣ ಪರದೆಯ ಮೇಲೆ ಎದೆಬಡಿತದ ಅಂಕಿ ಕಾಣುತ್ತಿತ್ತು. ಕೆಲಸ ಮಾಡುವಾಗ, ತಿನ್ನುವಾಗ, ಸುಮ್ಮನೆ ನಿಂತಾಗ ಹೇಗಿರುತ್ತದೆ ನೋಡೋಣ ಎಂದಳು.

ಸುಮ್ಮನೆ ನಿಂತಾಗ ಪುಟ್ಟಿಯ ಎದೆಬಡಿತ ಮೂವತ್ತೆಂಟರ ಆಸುಪಾಸು. ಒಳ್ಳೆಯ ಅಂಕಿ. ಲಾಯದಕ್ಕ ಬಾಗಿಲ ಬಳಿ ಬಂದರೆ ಮಾತ್ರ ಅದು ಐವತ್ತು ದಾಟುತ್ತಿತ್ತು. ಅದನ್ನು ಕಂಡು ಅವಳ ಮುಖ ಅರಳಿತು.

"ನೋಡಿದ್ರಾ? ನನ್ನ ಕಂಡ್ರೆ ಅದಕ್ಕೆ ಜೀವ ಹಾರುತ್ತೆ," ಎಂದಳು.

ಆಗ ಕೊಳೆ ಬ್ಯಾಂಡೇಜು ಒಯ್ಯಲು ಬುಟ್ಟಿಯೊಂದಿಗೆ ಬಂದ ಅತ್ತಿಗೆ ಪುಟ್ಟಿಯ ಕೊಠಡಿಗೆ ನುಗ್ಗಿದಳು. ಅದರ ಹೊಟ್ಟೆಗೆ ಭುಜ ಕೊಟ್ಟು ಪಕ್ಕಕ್ಕೆ ತಳ್ಳಿ, ಮೂಲೆಯಲ್ಲಿದ್ದ ಬಟ್ಟೆ ಎತ್ತಿಕೊಂಡಳು. ಅಂಕಿ ಕದಲಲಿಲ್ಲ.

"ನಿಮ್ಮನ್ನ ಅದು ಮನುಷ್ಯರ ಲೆಕ್ಕಕ್ಕೇ ಹಿಡಿದಿಲ್ಲ ಅತ್ತಿಗೆ," ಎಂದಳು ಲಾಯದಕ್ಕ.

"ಬೇಡವೇ ಬೇಡ ತಾಯಿ. ನೀನು ಬರೋ ರೀತಿ ನೋಡಿದ್ರೆ ಅದಕ್ಕಲ್ಲ, ನನಗೇ ಜೀವ ಹಾರುತ್ತೆ. ಡಾಕ್ಟರಮ್ಮ, ನಮ್ಮ ನಾದಿನಿ ಹೇಗೆ ಬರ್ತಾಳೆ ತೋರಿಸ್ಲಾ?"

ಅತ್ತಿಗೆ ಬುಟ್ಟಿ ಕೆಳಗಿಟ್ಟಳು. ಭುಜ ಎರಡನ್ನೂ ಕಿವಿಯತನಕ ಏರಿಸಿದಳು. ಉಸಿರು ಎಳೆದು ಒಳಗೇ ಕಟ್ಟಿದಳು, ತುಟಿ ಬಿಗಿದಳು, ಕಣ್ಣು ಅಗಲ ಮಾಡಿದಳು. ಮೆಲ್ಲ ಮೆಲ್ಲನೆ ತುದಿಗಾಲಲ್ಲಿ ಸರಿಯುತ್ತ, ಒಂದು ಅಂಗೈ ಮುಂದೆ ಚಾಚಿ, ಇನ್ನೊಂದನ್ನು ಮುಷ್ಟಿ ಮಾಡಿ ಪುಟ್ಟಿಯ ಗದ್ದದ ಕೆಳಗೆ ಗಟ್ಟಿಯಾಗಿ ತಂದು ಹಿಡಿದಳು. ಥೇಟು ಲಾಯದಕ್ಕನೇ. ಗೊರಸಿಗೆ ಎಣ್ಣೆ ಹಚ್ಚುತ್ತಿದ್ದವರೂ ಕೆಲಸ ಬಿಟ್ಟು ನಕ್ಕರು. ಲಾಯದಕ್ಕನಿಗೂ ನಗು ಬಂತು.

ಪುಟ್ಟಿ ನಗಲಿಲ್ಲ. ತಲೆ ಮೇಲಕ್ಕೆ ಹಾರಿತು, ಕಿವಿ ನಿಮಿರಿತು, ಮೂಗಿನ ಹೊಳ್ಳೆ ಅರಳಿ ಒಳಗಿನ ಕೆಂಪು ಕಂಡಿತು. ಡಾಕ್ಟರಮ್ಮನ ಕೈಯ ಪರದೆಯಲ್ಲಿ ಅಂಕಿ ಎಪ್ಪತ್ತಕ್ಕೆ ಹೋಯಿತು.

ಅತ್ತಿಗೆ ಅದನ್ನು ಗಮನಿಸಿರಲಿಲ್ಲ. ಬೆನ್ನು ಹಿಡಿಯಿತು ಎಂದು ಗೊಣಗುತ್ತ ಉಸಿರು ಬಿಟ್ಟು ಬುಟ್ಟಿಯ ಅಂಚಿನ ಮೇಲೆ ಕುಳಿತಳು. ಅಂಕಿ ಇಳಿಯಿತು. ಡಾಕ್ಟರಮ್ಮ, ಇನ್ನೊಂದು ಸಲ ಮಾಡಿ ಎಂದಳು. ತನ್ನ ನಟನೆ ಹಿಡಿಸಿತೆಂದುಕೊಂಡು ಅತ್ತಿಗೆ ಇನ್ನೂ ಚೆನ್ನಾಗಿ ಮಾಡಿದಳು. ಅಂಕಿ ಮತ್ತೆ ಏರಿತು. ಈಗ ನಿಮ್ಮ ಮಾಮೂಲಿ ನಡಿಗೆಯಲ್ಲಿ ಹೋಗಿ ಎಂದಳು. ಅತ್ತಿಗೆ ಚಪ್ಪಲಿ ಎಳೆದುಕೊಂಡು ಹೋದಳು. ಪುಟ್ಟಿ ತಲೆ ತಗ್ಗಿಸಿ ಅವಳ ಬುಟ್ಟಿಯನ್ನು ಮೂಸಿತು. ಅಂಕಿ ಅಲ್ಲೇ ಉಳಿಯಿತು.

ನಗು ಎಲ್ಲೋ ನಿಂತುಹೋಗಿತ್ತು.

"ಅಕ್ಕ, ಒಂದು ಕೇಳ್ತೀನಿ," ಎಂದಳು ಡಾಕ್ಟರಮ್ಮ. "ಈ ಮನೆತನದ ಕುದುರೆಗಳನ್ನ ತಪಾಸಣೆ ಹೊತ್ತಲ್ಲಿ ಬೇರೆ ಯಾರಾದ್ರೂ ಹಿಡಿದಿದ್ದಾರಾ?"

"ನನ್ನ ಕುದುರೇನ ಇನ್ನೊಬ್ಬರ ಕೈಗೆ ಕೊಡ್ತೀನಾ? ಒಂದು ಸಲಾನೂ ಇಲ್ಲ," ಎಂದಳು ಲಾಯದಕ್ಕ, ಹೆಮ್ಮೆಯಿಂದಲೇ. ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಏನು ಹೇಳಿದೆ ಎಂದು ಕೇಳಿಸಿತು.

ಡಾಕ್ಟರಮ್ಮ ಮೆಲ್ಲಗೆ ವಿವರಿಸಿದಳು. ಹಿಂಡಿನಲ್ಲಿ ಬದುಕುವ ಪ್ರಾಣಿ ಪಕ್ಕದವರ ಮೈ ನೋಡಿಯೇ ಅಪಾಯವಿದೆಯೋ ಇಲ್ಲವೋ ತಿಳಿಯುತ್ತದೆ. ಉಸಿರು ಕಟ್ಟಿ ನಿಂತವರನ್ನು ಕಂಡರೆ, ಎಲ್ಲೋ ಹುಲಿಯಿದೆ ಎಂದೇ ಅದಕ್ಕೆ ಅರ್ಥ. ಎಲ್ಲ ನಿಮ್ಮಿಂದಲೇ ಎಂದು ನಾನು ಹೇಳುವುದಿಲ್ಲ, ರಕ್ತವೂ ಸ್ವಲ್ಪ ಚುರುಕೇ ಇರಬಹುದು ಎಂದಳು. ಮೂರು ತಲೆಮಾರಿಗೂ ಸಮಾನವಾದದ್ದು ರಕ್ತವೊಂದೇ ಎಂದು ಎಲ್ಲರೂ ನಂಬಿದ್ದರು. ಸಮಾನವಾದದ್ದು ಇನ್ನೊಂದಿತ್ತು, ಅದು ಹಗ್ಗ ಹಿಡಿದ ಕೈ. ಅದನ್ನು ಯಾರೂ ಲೆಕ್ಕಕ್ಕೆ ತಂದುಕೊಂಡಿರಲಿಲ್ಲ.

ಲಾಯದಕ್ಕ ಅಂದು ಮಧ್ಯಾಹ್ನ ಅತ್ತಿಗೆಗೆ ಬೆನ್ನು ಹಾಕಿ ಊಟಕ್ಕೆ ಕುಳಿತಳು. ತಟ್ಟೆ ಸ್ವಲ್ಪ ಜೋರಾಗಿಯೇ ಇಟ್ಟಳು. ಅಣ್ಣ ಇಬ್ಬರ ಮುಖವನ್ನೂ ನೋಡಿ, ಟೈರು ನೋಡಬೇಕು ಎಂದು ಎದ್ದುಹೋದ. ಲಾಯದಕ್ಕ ಅಜ್ಜಿ ಮೇಯುತ್ತಿದ್ದ ಬಯಲಿಗೆ ಹೋದಳು. ಹಲ್ಲು ಸವೆದ ಮುದಿ ಕುದುರೆ, ಬಿಸಿಲಿಗೆ ಬೆನ್ನು ಕೊಟ್ಟು ಅರೆನಿದ್ದೆಯಲ್ಲಿತ್ತು. ಅದಕ್ಕೆ ಓಟವಿಲ್ಲ, ತಪಾಸಣೆಯಿಲ್ಲ, ಕೊರಳಲ್ಲಿ ಹಗ್ಗವೂ ಇಲ್ಲ. ಅದರ ಬಳಿ ಹೋದ ಲಾಯದಕ್ಕನ ಬಲಗೈ ತಾನಾಗಿಯೇ ಮೇಲೆದ್ದು ಗದ್ದದ ಕೆಳಗೆ ಹೋಗಿ, ಇಲ್ಲದ ಹಗ್ಗವನ್ನು ಬಿಗಿಯಾಗಿ ಹಿಡಿಯಿತು. ಅಜ್ಜಿ ಎಚ್ಚೆತ್ತು ತಲೆ ಎತ್ತಿತು.

ಅವಳು ತನ್ನ ಮುಷ್ಟಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಿಚ್ಚಿದಳು. "ಅಕ್ಕಂಗೆ ಗೊತ್ತಾಗ್ಲಿಲ್ಲ ಕಣಮ್ಮ," ಎಂದಳು. ಅಜ್ಜಿ ಅವಳ ಅಂಗಿಯ ಗುಂಡಿಯನ್ನು ಜಗಿಯತೊಡಗಿತು.

ಬೇರೆಯವರಾಗಿದ್ದರೆ ಪರದೆ ಸುಳ್ಳು ಎನ್ನುತ್ತಿದ್ದರು, ಇಲ್ಲವೇ ಕೆಲಸ ಬಿಟ್ಟು ಅಳುತ್ತ ಕೂರುತ್ತಿದ್ದರು. ಲಾಯದಕ್ಕ ಎರಡನ್ನೂ ಮಾಡಲಿಲ್ಲ. ಕುಂಟುವ ಕಾಲನ್ನು ಹೇಗೆ ನೋಡುತ್ತಿದ್ದಳೋ ಹಾಗೆಯೇ ತನ್ನನ್ನು ನೋಡಿಕೊಂಡಳು. ಡಾಕ್ಟರಮ್ಮನಿಂದ ಪಟ್ಟಿಯನ್ನೂ ಪರದೆಯನ್ನೂ ಕೇಳಿ ಉಳಿಸಿಕೊಂಡಳು. ಹಗ್ಗವನ್ನು ಸಡಿಲ ಬಿಟ್ಟು ನೋಡಿದಳು. ಉಸಿರನ್ನು ಸದ್ದು ಮಾಡಿ ಬಿಟ್ಟು ನೋಡಿದಳು. ಹುಲ್ಲಿನ ಹೊರೆ ಹೊತ್ತುಕೊಂಡು ಮಾಮೂಲಿಯಾಗಿ ಒಳಗೆ ಹೋದಳು. ದಿನ ಕಳೆದ ಹಾಗೆ ಅಂಕಿ ಇಳಿಯುತ್ತ ಬಂತು. ಪುಟ್ಟಿಯನ್ನು ಕಡೆಯ ಕೊಠಡಿಯಿಂದ ಬಿಡಿಸಿ, ಎಲ್ಲರೂ ಓಡಾಡುವ, ಬಕೆಟ್ಟುಗಳು ಬಡಿಯುವ ನಡುವಿನ ಕೊಠಡಿಗೆ ತಂದಳು. ಮೆಲ್ಲಗೆ ನಡೆಯಬೇಡಿ, ಮನುಷ್ಯರ ಹಾಗೆ ನಡೆಯಿರಿ ಎಂದು ಎಲ್ಲರಿಗೂ ಹೇಳಿದಳು. ಕಳ್ಳಹೆಜ್ಜೆ ಕಲಿಸಿದ ಬಾಯೇ ಈಗ ಹೀಗೆ ಹೇಳುತ್ತಿದೆ ಎಂದು ಅವರು ನಗುವಾಗ, ಹೌದು, ಅದೇ ಬಾಯಿ ಎಂದಳು.

ಆದರೆ ಒಂದು ದಿನ ಓಟದ ಲಗಾಮನ್ನು ಎಣ್ಣೆ ಹಚ್ಚಲು ಕೆಳಗಿಳಿಸಿದಳು. ಅದನ್ನು ಹಿಡಿದು ಪುಟ್ಟಿಯ ಬಳಿ ನಿಂತಾಗ ಅಂಕಿ ಮತ್ತೆ ಅರವತ್ತು ದಾಟಿತು. ಕೈ ಸಡಿಲವೇ ಇತ್ತು, ಉಸಿರೂ ನೆಟ್ಟಗಿತ್ತು. ಒಳಗೆ ಇಪ್ಪತ್ತೈದು ತುಂಬದ ಹುಡುಗಿಯೊಬ್ಬಳು ಲಾರಿಯಲ್ಲಿ ಕುಳಿತಿದ್ದಳು, ಅಷ್ಟೆ. ಕೈಗೆ ಹೇಳಿದರೆ ಕೇಳುತ್ತದೆ, ಎದೆಗೆ ಹೇಳಿದರೆ ಕೇಳುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು. ಕಲಿಯುವುದಕ್ಕೆ ಕಾಲ ಬೇಕು, ಓಟಕ್ಕೆ ಉಳಿದಿದ್ದ ಕಾಲ ಸಾಲದು.

ಅವಳು ಬಟ್ಟೆ ಒಗೆಯುವ ಕೋಣೆಗೆ ಹೋದಳು.

"ಅತ್ತಿಗೆ, ಓಟದ ದಿನ ಪುಟ್ಟೀನ ನೀವು ಹಿಡ್ಕೋಬೇಕು."

ಅತ್ತಿಗೆ ಸುತ್ತುತ್ತಿದ್ದ ಬ್ಯಾಂಡೇಜಿನ ಉಂಡೆ ಕೈಜಾರಿ ಕೋಣೆಯ ಉದ್ದಕ್ಕೂ ಬಿಚ್ಚಿಕೊಂಡು ಹೋಯಿತು. ತನಗೆ ಕುದುರೆಯ ಮುಂದೆ ಯಾವುದು ಹಿಂದೆ ಯಾವುದು ಎಂದಷ್ಟೇ ಗೊತ್ತು, ಅದೂ ಒದೆ ತಿಂದ ಮೇಲೆ ಗೊತ್ತಾದದ್ದು ಎಂದಳು. ಲಾಯದಕ್ಕ ಬಿಡಲಿಲ್ಲ.

"ಅದು ಸೋತ್ರೆ ನಾಳೆ ಎಲ್ಲಾನೂ ನನ್ನ ತಲೆಗೆ ಕಟ್ತೀಯ," ಎಂದಳು ಅತ್ತಿಗೆ.

"ಇಲ್ಲ. ಸೋತ್ರೆ ರಕ್ತ ಅಂತೀನಿ. ಇಷ್ಟು ವರ್ಷ ಅಂದಿಲ್ವಾ?"

ಅತ್ತಿಗೆ ನಕ್ಕಳು. ನಗು ನಿಂತ ಮೇಲೆ ನಾದಿನಿಯ ಮುಖ ನೋಡಿದಳು. ಅವಳು ಈ ಮಾತಾಡಲು ಎಷ್ಟು ದೂರದಿಂದ ನಡೆದು ಬಂದಿದ್ದಾಳೆ ಎಂದು ಅತ್ತಿಗೆಗೆ ತಿಳಿಯದೆ ಇರಲಿಲ್ಲ.

"ಹಾಗಾದ್ರೆ ಆ ದಿನದ ಬಟ್ಟೆ ನಿನ್ನ ಪಾಲು," ಎಂದಳು. "ಒಗೆಯೋದಷ್ಟೇ ಅಲ್ಲ. ನಾನು ಸುತ್ತೋ ಹಾಗೇ ಸುತ್ತಿಡಬೇಕು. ಮತ್ತೆ, ನಾನು ಹಿಡ್ಕೊಂಡಾಗ ನೀನು ನನ್ನ ಕಣ್ಣಿಗೂ ಬೀಳಬಾರದು, ಅದರ ಕಣ್ಣಿಗೂ ಬೀಳಬಾರದು."

ಯಜಮಾನರಿಗೆ ಮೊದಲು ತಮಾಷೆ ಎನಿಸಿತು. ಬಟ್ಟೆ ಒಗೆಯುವವರ ಕೈಗೆ ಈ ಕುದುರೆಯನ್ನೇ ಎಂದು ಎರಡು ಸಲ ಕೇಳಿದರು. ಲಾಯದಕ್ಕ ಪರದೆ ತೋರಿಸಿದಳು, ತನ್ನ ಕೈಯಲ್ಲಿ ಹಗ್ಗವಿದ್ದಾಗಿನ ಅಂಕಿಯನ್ನೂ ತೋರಿಸಿದಳು. ಅದನ್ನು ತೋರಿಸುವಾಗ ಅವಳ ದನಿ ಬದಲಾಗಲಿಲ್ಲ. ಅವರು ಪರದೆಯನ್ನು ಅವಳ ಕೈಗೆ ಮರಳಿಸಿ, ನಿನ್ನಿಷ್ಟ ಲಾಯದಕ್ಕ ಎಂದರು.

ಮುಂದಿನ ಕೆಲವು ವಾರ ಅತ್ತಿಗೆಗೆ ಪಾಠ. ಎಲ್ಲಿ ನಿಲ್ಲಬೇಕು, ಯಾವ ಕಡೆಯಿಂದ ನೀರು ಸುರಿಯಬೇಕು, ದೊಡ್ಡ ರಕ್ತನಾಳವಿರುವ ಕತ್ತಿನ ಕೆಳಭಾಗಕ್ಕೆ ಮೊದಲು, ಬೆನ್ನಿಗೆ ಆಮೇಲೆ, ಓಡಿಸುವಾಗ ತಿರುಗಿ ಕುದುರೆಯ ಮುಖ ನೋಡದೆ ನೇರ ಮುಂದೆ ನೋಡಬೇಕು, ಎಲ್ಲವನ್ನೂ ಲಾಯದಕ್ಕ ದೂರದಲ್ಲಿ ನಿಂತು ಹೇಳಿಕೊಟ್ಟಳು. ಅತ್ತಿಗೆ ಕಲಿತಳು, ಆದರೆ ಕುದುರೆಯ ಜೊತೆ ಏನು ಮಾತಾಡಬೇಕೆಂದು ಮಾತ್ರ ಅವಳಿಗೆ ತೋಚಲಿಲ್ಲ. ತನಗೆ ಗೊತ್ತಿದ್ದದ್ದನ್ನೇ ಮಾತಾಡಿದಳು. ಯಾವ ಸೋಪಿಗೆ ನೊರೆ ಇಲ್ಲ, ಯಾವ ಹೊದಿಕೆಯ ಕಲೆ ಏನು ಮಾಡಿದರೂ ಹೋಗುತ್ತಿಲ್ಲ, ತನ್ನ ಗಂಡ ಕಾಲುಚೀಲವನ್ನು ಎಲ್ಲೆಲ್ಲಿ ಬಿಡುತ್ತಾನೆ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಪುಟ್ಟಿ ಕಿವಿ ಜೋತುಬಿಟ್ಟು ಕೇಳುತ್ತಿತ್ತು. ಬೇಲಿಯ ಆಚೆ ನಿಂತ ಲಾಯದಕ್ಕನಿಗೆ ಸಂತೋಷವಾಗುತ್ತಿತ್ತು. ಹೊಟ್ಟೆಯಲ್ಲಿ ಕಿಚ್ಚೂ ಆಗುತ್ತಿತ್ತು. ಎರಡೂ ಇದ್ದವು, ಅವಳು ಯಾವುದನ್ನೂ ಮುಚ್ಚಿಟ್ಟುಕೊಳ್ಳಲಿಲ್ಲ. "ನನ್ನ ಜೊತೆ ಅದು ಒಂದಿನಾನೂ ಹೀಗೆ ತೂಕಡಿಸ್ಲಿಲ್ಲ," ಎಂದು ಅಣ್ಣನ ಹತ್ತಿರ ಹೇಳಿದಳು. ಅಣ್ಣ, ನನಗೂ ಅವಳ ಮಾತು ಕೇಳಿದರೆ ಹಾಗೆಯೇ ಆಗುತ್ತದೆ ಎಂದ.

ಓಟದ ದಿನ ಬಿಸಿಲು ಹದವಾಗಿತ್ತು. ಲಾಯದಕ್ಕ ಬೆಳಿಗ್ಗೆ ಪುಟ್ಟಿಯ ನಾಲ್ಕು ಕಾಲನ್ನೂ ಕಣ್ಣು ಮುಚ್ಚಿ ಸವರಿ ನೋಡಿ, ಗೊರಸು ನೋಡಿ, ಹಗ್ಗವನ್ನು ಅತ್ತಿಗೆಯ ಕೈಗೆ ಕೊಟ್ಟಳು. ಲಾರಿಯ ಹಿಂಬದಿಗೆ ಹೋಗಿ, ನೀರಿನ ಟಬ್ಬಿನ ಮುಂದೆ ಕುಳಿತಳು. ಅಲ್ಲಿಂದ ಡೇರೆಯ ಬಟ್ಟೆ ಮಾತ್ರ ಕಾಣುತ್ತಿತ್ತು. ಆಗಾಗ ಬಂದು ಸುದ್ದಿ ಹೇಳಲೇ ಎಂದ ಅಣ್ಣನಿಗೆ ಬೇಡವೆಂದಳು. ನೀನು ಓಡಿ ಬಂದರೆ ನಾನು ಎದ್ದು ಓಡಿಬಿಡುತ್ತೇನೆ ಎಂದಳು.

ಸುದ್ದಿ ಹೇಳದಿದ್ದರೂ ಅವಳಿಗೆ ಕಿವಿಯಿತ್ತಲ್ಲ. ಒಂದೊಂದು ಸುತ್ತು ಮುಗಿದಾಗಲೂ ಗೊರಸಿನ ಸದ್ದು, ನೀರು ಸುರಿಯುವ ಸದ್ದು, ಅದರ ಮೇಲೆ ಅತ್ತಿಗೆಯ ಸೋಪಿನ ಪುರಾಣ. ಆಮೇಲೆ ಸ್ವಲ್ಪ ಮೌನ. ಆಮೇಲೆ ಗಟ್ಟಿ ನೆಲದ ಮೇಲೆ ಸಣ್ಣ ಓಟದ ಟಕ್ ಟಕ್. ಆ ಟಕ್ ಟಕ್ ಕೇಳಿಸಿತೆಂದರೆ ಎದೆಬಡಿತ ಇಳಿದಿದೆ ಎಂದರ್ಥ. ಪ್ರತಿ ಸಲ ಅದು ಕೇಳಿಸುವವರೆಗೆ ಲಾಯದಕ್ಕ ಒಂದೇ ಬ್ಯಾಂಡೇಜನ್ನು ಉಜ್ಜುತ್ತಿದ್ದಳು. ಕೇಳಿಸಿದ ಮೇಲೆ ಅದನ್ನು ಹಿಂಡಿ ಹರವಿ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದಳು.

ಮೊದಲ ಸುತ್ತುಗಳಲ್ಲಿ ಆ ಮನೆತನದ ಯಾವ ಕುದುರೆಯೂ ಸೋತಿರಲಿಲ್ಲ. ಸೋಲುತ್ತಿದ್ದುದು ಕೊನೆಯದರಲ್ಲಿ.

ಬಿಸಿಲು ವಾಲಿದಾಗ ಚಪ್ಪಾಳೆ ಕೇಳಿಸಿತು. ಯಾರೋ ಮೊದಲು ಬಂದಿದ್ದರು. ಮತ್ತೆ ಚಪ್ಪಾಳೆ, ಮತ್ತೆ ಗೊರಸು. ಎಷ್ಟೋ ಕುದುರೆ ಬಂದ ಮೇಲೆ ಅವಳಿಗೆ ಗುರುತಿನ ಹೆಜ್ಜೆ ಕೇಳಿಸಿತು. ಪುಟ್ಟಿ ನಡೆಯುವಾಗ ಹಿಂದಿನ ಬಲಗಾಲನ್ನು ಸ್ವಲ್ಪ ಒತ್ತಿ ಇಡುತ್ತಿತ್ತು, ಹುಟ್ಟಿದ ದಿನದಿಂದಲೂ. ಲಾಯದಕ್ಕನ ಕೈ ನೀರೊಳಗೆ ನಿಂತಿತು. ನೀರು ಸುರಿದರು. ಅತ್ತಿಗೆ ಶುರುಮಾಡಿದಳು, ಬಿಳಿ ಹೊದಿಕೆಯ ಕಲೆಯಿಂದ ಗಂಡನ ಕಾಲುಚೀಲಕ್ಕೆ ಬಂದಳು. ದನಿಯಲ್ಲಿ ಏರಿಳಿತವಿಲ್ಲ. ಆಮೇಲೆ ಅದೂ ನಿಂತಿತು.

ಲಾಯದಕ್ಕ ತನ್ನ ಭುಜ ಕಿವಿಯತನಕ ಏರಿರುವುದನ್ನು ಕಂಡುಕೊಂಡಳು. ಇಳಿಸಿದಳು. ಉಸಿರು ಕಟ್ಟಿತ್ತು, ಬಿಟ್ಟಳು. ಇಲ್ಲಿ ನನ್ನನ್ನು ನೋಡಿ ಹೆದರುವವರು ಯಾರೂ ಇಲ್ಲವಲ್ಲ ಎನಿಸಿ ಅವಳಿಗೆ ಒಂಟಿಯಾಗಿಯೇ ಸಣ್ಣ ನಗು ಬಂತು. ಎರಡು ಕೈಯಲ್ಲೂ ಬ್ಯಾಂಡೇಜನ್ನು ಹಿಂಡಿದಳು, ನೀರೆಲ್ಲ ಹೋದ ಮೇಲೂ ಹಿಂಡಿದಳು.

ಟಕ್ ಟಕ್ ಟಕ್ ಟಕ್.

ಗಟ್ಟಿ ನೆಲದ ಮೇಲೆ ಸಮನಾದ ಹೆಜ್ಜೆ. ಹೋಗುತ್ತ ಒಂದು ಸಾಲು, ಬರುತ್ತ ಒಂದು ಸಾಲು. ಅದರ ಪಕ್ಕದಲ್ಲಿ ಏದುಸಿರು ಬಿಡುತ್ತ ಓಡುವ ಅತ್ತಿಗೆಯ ಚಪ್ಪಲಿ. ಮೂರು ತಲೆಮಾರಿನಲ್ಲಿ, ದೊಡ್ಡ ಓಟವೊಂದರ ಕೊನೆಯ ಸುತ್ತಿನ ನಂತರ ಆ ಸದ್ದನ್ನು ಲಾಯದಕ್ಕ ಕೇಳುತ್ತಿದ್ದುದು ಅದೇ ಮೊದಲು. ನೋಡಲು ಸಿಗಲಿಲ್ಲ. ಆದರೆ ಒಂದು ಹೆಜ್ಜೆಯೂ ತಪ್ಪದ ಹಾಗೆ ಕೇಳಿಸಿಕೊಂಡಳು.

ಸ್ವಲ್ಪ ಹೊತ್ತಿಗೆ ಅತ್ತಿಗೆ ಲಾರಿಯ ಹಿಂದಕ್ಕೆ ಬಂದಳು. ಸೀರೆಯ ಅರ್ಧ ನೀರು, ಅರ್ಧ ಕುದುರೆಯ ಬೆವರು. ಹಿಂದೆ ಪುಟ್ಟಿ.

"ಒಂಬತ್ತನೇದಂತೆ," ಎಂದಳು ಅತ್ತಿಗೆ. "ಎದೆಬಡಿತ ಐವತ್ತೆಂಟು. ನನ್ನದು ನೂರೈವತ್ತು." ಹಗ್ಗವನ್ನು ಮುಂದಕ್ಕೆ ಚಾಚಿದಳು. "ತಗೋ. ಇನ್ನು ಎಷ್ಟು ಬೇಕಾದ್ರೂ ಏರಲಿ."

ಲಾಯದಕ್ಕ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡಳು. ಹಗ್ಗವನ್ನು ತುದಿಯಲ್ಲಿ, ಉದ್ದಕ್ಕೆ ಬಿಟ್ಟು ಹಿಡಿದಳು. ಪುಟ್ಟಿ ಬಂದು ಅವಳ ಭುಜಕ್ಕೆ ಹಣೆ ಉಜ್ಜಿತು. ಪಟ್ಟಿ ಇನ್ನೂ ಎದೆಗೆ ಕಟ್ಟಿಯೇ ಇತ್ತು, ಪರದೆ ಓಟ ನೋಡಲು ಬಂದಿದ್ದ ಡಾಕ್ಟರಮ್ಮನ ಚೀಲದಲ್ಲಿತ್ತು. ಯಾರಿಗೂ ಅದನ್ನು ತರಿಸಬೇಕು ಎನಿಸಲಿಲ್ಲ.

ಅತ್ತಿಗೆ ಒಣಗಲು ಹರವಿದ ಬ್ಯಾಂಡೇಜುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಒಂದನ್ನು ಬೆಳಕಿಗೆ ಹಿಡಿದಳು. ಉಜ್ಜಿ ಉಜ್ಜಿ ಅದು ನಡುವೆ ಬಲೆಯಾಗಿತ್ತು.

"ಇದೇನಮ್ಮ ಇದು? ಒಗೀ ಅಂದ್ರೆ ಕೊಂದಿದ್ದೀಯಾ."

"ಅದು ಕೊನೇ ಸುತ್ತಿಂದು ಅತ್ತಿಗೆ," ಎಂದಳು ಲಾಯದಕ್ಕ. ಮುಂದಿನ ವರ್ಷ ಅವಳು ಪುಟ್ಟಿಯನ್ನು ತಾನೇ ಹಿಡಿದಳು, ಸೋಪಿನ ಪುರಾಣವನ್ನು ಅಷ್ಟರಲ್ಲಿ ಬಾಯಿಪಾಠ ಮಾಡಿಕೊಂಡಿದ್ದಳು.